ನಾಯಿಯ ತಟ್ಟೆ, ಬೆಕ್ಕಿನ ಬಟ್ಟಲು

ನಾಯಿ ಮತ್ತು ಬೆಕ್ಕು ಒಂದೇ ಜಗಲಿಯ ಮೇಲೆ ಮಲಗುತ್ತವೆ, ಒಂದೇ ಕೈಯಿಂದ ಊಟ ಪಡೆಯುತ್ತವೆ. ಆದರೆ ಎರಡರ ಹೊಟ್ಟೆಯ ಚರಿತ್ರೆ ಬೇರೆ ಬೇರೆ. ತೋಳದ ವಂಶದ ನಾಯಿ ಕನಿಷ್ಠ ಹದಿನಾಲ್ಕು ಸಾವಿರ ವರ್ಷಗಳಿಂದ ಮನುಷ್ಯನ ಬೆನ್ನು ಹತ್ತಿ ಬಂದಿದೆ. ಅವನು ಬೇಟೆಯನ್ನು ಕಡಿಮೆ ಮಾಡಿ ಬೇಸಾಯ ಹಿಡಿದಾಗ ಅದೂ ಕಾಳುಕಡ್ಡಿಯ ಊಟಕ್ಕೆ ಒಗ್ಗಿಕೊಂಡಿತು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳವರೆಗೆ ಇವೆ ಎಂದು ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಅನ್ನ ತಿನ್ನುವ ಶಕ್ತಿ ನಾಯಿಯ ರಕ್ತದಲ್ಲೇ ಬರೆದುಹೋಗಿದೆ. ಬೆಕ್ಕು ಬಂದದ್ದು ತಡವಾಗಿ, ಕಣಜದ ಇಲಿಯ ಜಾಡು ಹಿಡಿದು. ಸೈಪ್ರಸ್ ದ್ವೀಪದ ಸುಮಾರು 9500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಅಷ್ಟು ಹಳೆಯ ಸಹವಾಸವಿದ್ದರೂ ಬೆಕ್ಕು ತನ್ನ ಊಟವನ್ನು ಬದಲಿಸಿಕೊಳ್ಳಲಿಲ್ಲ. ಅದು ಕಾಯುತ್ತಿದ್ದದ್ದು ಕಣಜದ ಧಾನ್ಯವನ್ನು, ತಿನ್ನುತ್ತಿದ್ದದ್ದು ಅಲ್ಲಿಗೆ ಬಂದ ಇಲಿಯನ್ನು.

ಮಲೆನಾಡಿನ ಮನೆಗಳಲ್ಲಿ ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಜ್ಜಿ ಪಾತ್ರೆಯ ತಳದ ಅನ್ನಕ್ಕೆ ಮಜ್ಜಿಗೆ ಬೆರೆಸಿ ಹಿತ್ತಿಲಿನ ಕಲ್ಲುಮರಿಗೆಗೆ ಸುರಿಯುತ್ತಿದ್ದಳು. ಹಳೆ ಮೈಸೂರು ಸೀಮೆಯಲ್ಲಿ ಅದು ಮುದ್ದೆಯ ಚೂರು ಮತ್ತು ಸಾರಿನ ಗಸಿ. ಉತ್ತರ ಕರ್ನಾಟಕದಲ್ಲಿ ಹಾಲಿನಲ್ಲಿ ನೆನೆದ ಜೋಳದ ರೊಟ್ಟಿ, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ ಮತ್ತು ಮೀನಿನ ತಲೆ. ಬೆಕ್ಕಿಗೆ ಒಲೆಯ ಪಕ್ಕದ ಬಟ್ಟಲಲ್ಲಿ ಹಾಲನ್ನ. ಅಷ್ಟನ್ನೇ ತಿಂದು ಅವು ಬದುಕಲಿಲ್ಲವೇ, ಮರಿ ಹಾಕಲಿಲ್ಲವೇ ಎಂದು ಹಿರಿಯರು ಇಂದಿಗೂ ಕೇಳುತ್ತಾರೆ. ಕೇಳುವುದರಲ್ಲಿ ಸತ್ಯವಿದೆ. ಆದರೆ ಆ ಮರಿಗೆಯ ಊಟ ಅರ್ಧ ಊಟ. ಉಳಿದರ್ಧವನ್ನು ನಾಯಿ ಗದ್ದೆಯ ಬದುವಿನಲ್ಲಿ ಹುಡುಕಿಕೊಳ್ಳುತ್ತಿತ್ತು: ಏಡಿ, ಹೆಗ್ಗಣ, ಸತ್ತ ದನದ ಎಲುಬು. ಬೆಕ್ಕಿಗೆ ಅಟ್ಟದ ಇಲಿ, ಗೋಡೆಯ ಹಲ್ಲಿ, ಅಂಗಳದ ಮಿಡತೆ, ಬೇಲಿಯ ಓತಿಕ್ಯಾತ ಇದ್ದವು. ಈರುಳ್ಳಿಯನ್ನೂ ಒಳಗೆ ತಾರದ ಮಡಿಯ ಮನೆಯ ಬೆಕ್ಕೂ ದಿನಕ್ಕೆ ನಾಲ್ಕಾರು ಬೇಟೆ ಮಾಡಿಯೇ ಮಲಗುತ್ತಿತ್ತು. ಸೊರಗಿ ಸತ್ತ ಮರಿಗಳ ಲೆಕ್ಕವನ್ನು ಯಾರೂ ಇಡಲಿಲ್ಲ.

ಈಗ ಆ ಬೆಕ್ಕು ಆರನೆಯ ಮಹಡಿಯಲ್ಲಿದೆ. ಕಿಟಕಿಗೆ ಜಾಲರಿ ಬಿದ್ದಿದೆ, ಅಟ್ಟ ಇಲ್ಲ, ಇಲಿಯೂ ಇಲ್ಲ. ನಾಯಿ ದಿನಕ್ಕೆ ಎರಡು ಬಾರಿ ಹಗ್ಗ ಕಟ್ಟಿಸಿಕೊಂಡು ಕೆಳಗಿಳಿಯುತ್ತದೆ. ದಾರಿಯಲ್ಲಿ ಏನಾದರೂ ಮೂಸಿದರೆ ಹಗ್ಗ ಎಳೆಯುತ್ತದೆ. ಬಾಗಿಲು ಮುಚ್ಚಿದ ಮನೆಯಲ್ಲಿ ಬಟ್ಟಲಿಗೆ ಬೀಳದ ಪೋಷಕಾಂಶ ಅವುಗಳಿಗೆ ಬೇರೆಲ್ಲಿಂದಲೂ ದಕ್ಕುವುದಿಲ್ಲ. ಅಜ್ಜಿಯ ಕಾಲದ ಊಟವನ್ನು ಹಾಗೆಯೇ ಮುಂದುವರಿಸಿದರೆ ಪ್ರಾಣಿಗೆ ಸಿಗುವುದು ಆ ಹಳೆಯ ಅರ್ಧ ಮಾತ್ರ.

ನಾಯಿಯ ವಿಷಯದಲ್ಲಿ ಈ ಕೊರತೆಯನ್ನು ತುಂಬುವುದು ಅಷ್ಟು ಕಷ್ಟವಿಲ್ಲ. ಅದು ಸರ್ವಭಕ್ಷಕಕ್ಕೆ ಹತ್ತಿರದ ಪ್ರಾಣಿ. ಪ್ರಾಣಿಗಳ ಆಹಾರಕ್ಕೆ ಮಾನದಂಡ ಗೊತ್ತುಪಡಿಸುವ ಅಮೆರಿಕದ ಆಫ್ಕೊ ಸಂಸ್ಥೆಯ ಪ್ರಕಾರ, ನೀರಿನಂಶ ತೆಗೆದ ಆಹಾರದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇ. 18, ಬೆಳೆಯುವ ಮರಿಗೆ ಶೇ. 22.5ರಷ್ಟು ಪ್ರೋಟೀನ್ ಇರಬೇಕು. ಅಕ್ಕಿಯಲ್ಲೂ ರಾಗಿಯಲ್ಲೂ ಇರುವುದು ಶೇ. 7ರ ಆಸುಪಾಸು. ಮೊಸರನ್ನದ ಮೇಲೆಯೇ ಬೆಳೆದ ಲ್ಯಾಬ್ರಡಾರ್ ಮರಿ ದುಂಡಗೆ ಕಾಣಬಹುದು, ಆದರೆ ಆ ದುಂಡುತನ ಪಿಷ್ಟದ್ದು. ಮುದ್ದೆಯನ್ನಾಗಲಿ ಅನ್ನವನ್ನಾಗಲಿ ಬಿಡಬೇಕಾಗಿಲ್ಲ. ಅದರ ಜೊತೆಗೆ ಬೇಯಿಸಿದ ಕೋಳಿ, ಮೊಟ್ಟೆ, ಮೀನು ದಿನವೂ ಸೇರಬೇಕು, ಮತ್ತು ತಟ್ಟೆಯಲ್ಲಿ ಅವುಗಳ ಪಾಲು ನೆಂಚಿಕೊಳ್ಳುವ ಉಪ್ಪಿನಕಾಯಿಯಷ್ಟಿದ್ದರೆ ಸಾಲದು. ಮೊಟ್ಟೆಯನ್ನು ಬೇಯಿಸಿಯೇ ಕೊಡಬೇಕು. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೊಟಿನ್ ಜೀವಸತ್ವವನ್ನು ಹಿಡಿದಿಟ್ಟು ದೇಹಕ್ಕೆ ಸೇರಗೊಡುವುದಿಲ್ಲ.

ಇದಕ್ಕೆ ತಿರುಗಿದ ಇನ್ನೊಂದು ತಪ್ಪೂ ಪ್ರೀತಿಯಿಂದಲೇ ಹುಟ್ಟುತ್ತದೆ. ನಾಯಿ ಮಾಂಸಾಹಾರಿ ಎಂದು ಬರೀ ಎಲುಬಿಲ್ಲದ ಮಾಂಸವನ್ನೇ ಹಾಕುವುದು ಆ ತಪ್ಪು. ಕಾಡಿನಲ್ಲಿ ತೋಳ ತಿನ್ನುವುದು ಇಡೀ ಪ್ರಾಣಿಯನ್ನು: ಎಲುಬು, ಕರುಳು, ಪಿತ್ತಜನಕಾಂಗ, ರಕ್ತ. ಸ್ನಾಯುವಿನ ಮಾಂಸದಲ್ಲಿ ಸುಣ್ಣಕ್ಕಿಂತ, ಅಂದರೆ ಕ್ಯಾಲ್ಸಿಯಮ್ಮಿಗಿಂತ, ರಂಜಕ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು. ದೇಹಕ್ಕೆ ಬೇಕಾಗಿರುವುದು ಅವೆರಡೂ ಹೆಚ್ಚುಕಡಿಮೆ ಸಮ, ಸುಣ್ಣ ತುಸು ಮುಂದು. ಊಟದಲ್ಲಿ ಸಿಗದ ಸುಣ್ಣವನ್ನು ರಕ್ತವು ಎಲುಬಿನಿಂದ ಕಿತ್ತುಕೊಳ್ಳುತ್ತದೆ. ಮಾಂಸ ಮಾತ್ರ ತಿಂದು ಬೆಳೆದ ಮರಿಯ ಕಾಲು ಬಾಗಿ, ಸೋಫಾದಿಂದ ಹಾರಿದಾಗ ಮುರಿಯುವುದು ಈ ಕಾರಣಕ್ಕೆ. ರಾಗಿಯಲ್ಲಿ ನೂರು ಗ್ರಾಮಿಗೆ 350 ಮಿಲಿಗ್ರಾಮಿನಷ್ಟು ಸುಣ್ಣವಿದ್ದರೂ ಅದರ ಫೈಟೇಟ್ ಅಂಶ ಅದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಒಂದು ಕೋಳಿಮೊಟ್ಟೆಯ ಚಿಪ್ಪನ್ನು ಬಿಸಿ ಮಾಡಿ ನುಣ್ಣಗೆ ಪುಡಿಮಾಡಿದರೆ ಸುಮಾರು ಎರಡು ಗ್ರಾಂ ಸುಣ್ಣ ಸಿಗುತ್ತದೆ. ಆದರೆ ಅದನ್ನೂ ಕಣ್ಣಳತೆಯಲ್ಲಿ ಹಾಕುವಂತಿಲ್ಲ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿಗೆ ಸುಣ್ಣ ಹೆಚ್ಚಾದರೂ ಎಲುಬು ಕೆಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ಪಶುವೈದ್ಯರು 2013ರಲ್ಲಿ ಪುಸ್ತಕಗಳಿಂದಲೂ ಅಂತರ್ಜಾಲದಿಂದಲೂ 200 ನಾಯಿ ಅಡುಗೆಗಳನ್ನು ಆರಿಸಿ ಲೆಕ್ಕ ಹಾಕಿದಾಗ ಶೇ. 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕೊರತೆಯಾಗಿತ್ತು. ಮನೆಯಲ್ಲೇ ಬೇಯಿಸಿ ಹಾಕಬೇಕೆಂಬ ಮನಸ್ಸು ದೊಡ್ಡದು; ಅದಕ್ಕೆ ಪಶುವೈದ್ಯರು ಬರೆದುಕೊಟ್ಟ ಪ್ರಮಾಣದ ಚೀಟಿಯೂ ಖನಿಜದ ಪುಡಿಯೂ ಜೊತೆಯಾಗಬೇಕು.

ಬೆಕ್ಕಿನ ಕಥೆ ಇದಕ್ಕಿಂತ ಕಠಿಣ. ಸಿಹಿ ಎಂಬ ರುಚಿಯೇ ಅದರ ನಾಲಿಗೆಗೆ ಗೊತ್ತಿಲ್ಲ; ಸಿಹಿಯನ್ನು ಗುರುತಿಸುವ ಜೀನು ಬೆಕ್ಕಿನ ಕುಲದಲ್ಲಿ ಕೆಟ್ಟು ನಿಂತಿದೆ ಎಂದು 2005ರಲ್ಲಿ ಅಮೆರಿಕದ ಮೊನೆಲ್ ಕೇಂದ್ರದ ವಿಜ್ಞಾನಿಗಳು ಕಂಡುಕೊಂಡರು. ಕ್ಯಾರೆಟ್ಟಿನ ಬಣ್ಣವನ್ನು ನಾಯಿಯೂ ಮನುಷ್ಯನೂ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತಾರೆ, ಬೆಕ್ಕಿಗೆ ಅದಾಗುವುದಿಲ್ಲ. ಸಸ್ಯದ ಎಣ್ಣೆಯಿಂದ ಅರಾಕಿಡೋನಿಕ್ ಆಮ್ಲವನ್ನು ಅದು ಸಾಕಷ್ಟು ಕಟ್ಟಿಕೊಳ್ಳಲಾರದು. ಅರ್ಜಿನೀನ್ ಎಂಬ ಅಮೈನೊ ಆಮ್ಲವಿಲ್ಲದ ಒಂದೇ ಒಂದು ಊಟದ ಬಳಿಕ ಕೆಲವೇ ಗಂಟೆಗಳಲ್ಲಿ ಅದರ ರಕ್ತದಲ್ಲಿ ಅಮೋನಿಯಾ ಏರಿ ಪ್ರಾಣಕ್ಕೆ ಕುತ್ತು ಬರಬಹುದು. ಬೆಳೆದ ಬೆಕ್ಕಿನ ಆಹಾರದಲ್ಲಿ ಕನಿಷ್ಠ ಶೇ. 26, ಮರಿಯದರಲ್ಲಿ ಶೇ. 30 ಪ್ರೋಟೀನ್ ಬೇಕೆಂದು ಆಫ್ಕೊ ಹೇಳುವುದರ ಹಿಂದೆ ಇಂಥ ಕಾರಣಗಳಿವೆ.

ಇವುಗಳಲ್ಲೆಲ್ಲ ಹೆಚ್ಚು ಬೆಕ್ಕುಗಳನ್ನು ಬಲಿ ಪಡೆದ ಕೊರತೆ ಟಾರಿನ್ ಎಂಬ ಪೋಷಕಾಂಶದ್ದು. ಜರ್ಮನಿಯ ಟೀಡಮನ್ ಮತ್ತು ಗ್ಮೆಲಿನ್ 1827ರಲ್ಲೇ ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದ್ದ ಈ ವಸ್ತುವಿಗೆ ಬೆಕ್ಕಿನ ಬದುಕಿನಲ್ಲಿ ಏನು ಕೆಲಸವೆಂದು ತಿಳಿಯಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. ಹಾಲಿನ ಪ್ರೋಟೀನಾದ ಕೇಸಿನ್ ಮೇಲೆಯೇ ಸಾಕಿದ ಬೆಕ್ಕುಗಳ ಕಣ್ಣಿನ ಅಕ್ಷಿಪಟ ಸವೆಯುತ್ತದೆ, ಅದಕ್ಕೆ ಟಾರಿನ್ ಕೊರತೆಯೇ ಕಾರಣ ಎಂಬ ವರದಿ 1975ರಲ್ಲಿ ಬಂತು. ಹನ್ನೆರಡು ವರ್ಷಗಳ ಬಳಿಕ, 1987ರಲ್ಲಿ, ಡೇವಿಸ್‌ನ ಪಾಲ್ ಪಿಯಾನ್ ಮತ್ತು ಸಂಗಡಿಗರು ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರ ಕಡಿಮೆ ಇರುವುದನ್ನು ಕಂಡರು. ಅವು ತಿನ್ನುತ್ತಿದ್ದದ್ದು ಪೇಟೆಯ ಸಿದ್ಧ ಆಹಾರವನ್ನೇ. ಟಾರಿನ್ ಕೊಟ್ಟಾಗ ಹಿಗ್ಗಿದ ಹೃದಯ ಮತ್ತೆ ಚೇತರಿಸಿಕೊಂಡಿತು. ಆಹಾರ ತಯಾರಕರು ಅದರ ಪ್ರಮಾಣ ಹೆಚ್ಚಿಸಿದ ಮೇಲೆ ಆ ಹೃದಯರೋಗವೇ ಅಪರೂಪವಾಯಿತು. ಪಶುವೈದ್ಯದ ಇತಿಹಾಸದಲ್ಲಿ ಇಷ್ಟು ಸಣ್ಣ ತಿದ್ದುಪಡಿ ಇಷ್ಟು ಜೀವಗಳನ್ನು ಉಳಿಸಿದ ಸಂದರ್ಭಗಳು ಹೆಚ್ಚಿಲ್ಲ. ಇಲಿಯ ದೇಹದಲ್ಲಿ ಟಾರಿನ್ ಧಾರಾಳವಾಗಿದೆ. ಅನ್ನದಲ್ಲಿ, ಬೇಳೆಯಲ್ಲಿ, ತರಕಾರಿಯಲ್ಲಿ ಅದು ಇಲ್ಲವೆಂದೇ ಹೇಳಬಹುದು. ಒಲೆಯ ಪಕ್ಕದ ಹಾಲನ್ನ ತಿಂದ ಬೆಕ್ಕಿನ ಕಣ್ಣನ್ನೂ ಹೃದಯವನ್ನೂ ಕಾಪಾಡುತ್ತಿದ್ದದ್ದು ಅಟ್ಟದ ಇಲಿಯೇ.

ಹಾಲಿನ ಮಾತು ಬಂದಾಗ ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಗದ ಕನ್ನಡಿಗರಿಲ್ಲ. ಇಲಿಯ ಕಾಟ ತಡೆಯಲು ಕೃಷ್ಣದೇವರಾಯ ಮನೆಮನೆಗೆ ಬೆಕ್ಕನ್ನೂ ಅದಕ್ಕೆ ಹಾಲೂಡಲು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣ ಕುದಿಯುವ ಹಾಲಿಟ್ಟ ಮೇಲೆ ಅವನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಂತೆ. ಹಾಲು ಬೆಕ್ಕಿನ ಸಹಜ ಆಹಾರ ಎಂಬ ನಂಬಿಕೆಯ ಮೇಲೆ ನಿಂತ ಕಥೆಯಿದು. ಮರಿಗೆ ತಾಯಿಯ ಹಾಲು ಸಹಜ ಆಹಾರ ನಿಜ. ಮೊಲೆ ಬಿಟ್ಟ ಬಳಿಕ ನಾಯಿಯಲ್ಲೂ ಬೆಕ್ಕಿನಲ್ಲೂ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಕುಗ್ಗುತ್ತದೆ, ಒಡೆಯದ ಸಕ್ಕರೆ ಕರುಳಿನಲ್ಲಿ ಹುಳಿತು ಭೇದಿ ತರುತ್ತದೆ. ಕೆಲವು ಪ್ರಾಣಿಗಳು ತುಸು ಹಾಲನ್ನು ತಾಳಿಕೊಳ್ಳುತ್ತವೆ, ಕೆಲವಕ್ಕೆ ಒಂದು ಬಟ್ಟಲೇ ಹೆಚ್ಚು. ಮೊಸರಿನಲ್ಲಿ ಆ ಸಕ್ಕರೆ ಕಡಿಮೆಯಿರುವುದರಿಂದ ನಾಯಿಗೆ ಅದು ಅಷ್ಟು ತೊಂದರೆ ಕೊಡುವುದಿಲ್ಲ. ತಾಯಿ ಸತ್ತ ನಾಯಿಮರಿಗೆ ನೀರು ಬೆರೆಸಿದ ಹಸುವಿನ ಹಾಲು ಕುಡಿಸುವ ವಾಡಿಕೆಯಂತೂ ಹೋಗಲೇಬೇಕು. ನಾಯಿಯ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಹಸುವಿನ ಹಾಲಿನ ಎರಡು ಪಟ್ಟು ಇರುತ್ತವೆ. ಅದಕ್ಕೆಂದೇ ತಯಾರಾದ ಮರಿಹಾಲಿನ ಪುಡಿ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ.

ಮಂಗಳೂರಿನ ಬಂದರಿನಲ್ಲೂ ಮಲ್ಪೆಯಲ್ಲೂ ದೋಣಿ ದಡ ಸೇರುವ ಹೊತ್ತಿಗೆ ಬೆಕ್ಕುಗಳ ಸಂತೆ ಸೇರುತ್ತದೆ. ಮೀನು ಅವುಗಳಿಗೆ ಒಳ್ಳೆಯದೇ, ಬೇಯಿಸಿ ಮುಳ್ಳು ಬಿಡಿಸಿದರೆ. ಕೆಲವು ಜಾತಿಯ ಹಸಿಮೀನುಗಳಲ್ಲಿರುವ ಥಯಮಿನೇಸ್ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ವಾರಗಟ್ಟಲೆ ಹಸಿಮೀನನ್ನೇ ತಿಂದ ಬೆಕ್ಕು ತಲೆ ಬಗ್ಗಿಸಿ, ತೂರಾಡಿ, ಸೆಳೆತಕ್ಕೆ ಒಳಗಾಗುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಒಣಮೀನಿನ ಉಪ್ಪು ಬೇರೆ ಮಾತು. ನೆನೆಸಿ ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಪಿತ್ತಜನಕಾಂಗವೂ ಹೀಗೆಯೇ ಮಿತಿಯಲ್ಲಿದ್ದಾಗಲೇ ಮದ್ದು. ಅದನ್ನೇ ದಿನವೂ ತಿಂದ ಬೆಕ್ಕಿನಲ್ಲಿ ಎ ಜೀವಸತ್ವ ಮಿತಿಮೀರಿ ಕತ್ತಿನ ಎಲುಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೈ ನೆಕ್ಕಿಕೊಳ್ಳಲೂ ಅದಕ್ಕೆ ಕತ್ತು ತಿರುಗುವುದಿಲ್ಲ. ಮಾಂಸವನ್ನು ಮನೆಯೊಳಗೆ ತಾರದ ಕುಟುಂಬಗಳು ನಾಯಿಯನ್ನು ಎಚ್ಚರದಿಂದ ಲೆಕ್ಕ ಹಾಕಿದ ಸಸ್ಯಾಹಾರದಲ್ಲಿ ಸಾಕಬಹುದು. ಬೆಕ್ಕಿಗೆ ಮೀನಿನ ಡಬ್ಬಿಯನ್ನೋ ಬೆಕ್ಕಿಗಾಗಿಯೇ ತಯಾರಾದ ಸಿದ್ಧ ಆಹಾರವನ್ನೋ ತರಲು ಮನಸ್ಸು ಒಪ್ಪದಿದ್ದರೆ, ಅಂಥ ಮನೆ ಬೆಕ್ಕನ್ನು ಸಾಕದಿರುವುದೇ ಬೆಕ್ಕಿಗೆ ತೋರುವ ಕರುಣೆ.

ಎಷ್ಟು ಹಾಕಬೇಕು ಎಂಬುದು ಏನು ಹಾಕಬೇಕು ಎಂಬುದಕ್ಕಿಂತ ಸಣ್ಣ ಪ್ರಶ್ನೆಯೇನಲ್ಲ. ಮನೆಯೊಳಗೇ ಇರುವ ನಾಲ್ಕು ಕಿಲೊ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೊಕ್ಯಾಲರಿ ಸಾಕು. ಹತ್ತು ಕಿಲೊ ತೂಕದ ಬೆಳೆದ ನಾಯಿಗೆ 600ರ ಆಸುಪಾಸು. ಸಂಜೆಯ ಚಹಾದ ಹೊತ್ತಿಗೆ ಮನೆಯ ನಾಲ್ವರೂ ಎರಡೆರಡು ಗ್ಲುಕೋಸ್ ಬಿಸ್ಕತ್ತು ಎಸೆದರೆ ಸುಮಾರು ಇನ್ನೂರು ಕಿಲೊಕ್ಯಾಲರಿ, ಅಂದರೆ ಆ ನಾಯಿಯ ಇಡೀ ದಿನದ ಊಟದ ಮೂರನೆಯ ಒಂದು ಪಾಲು, ಸಕ್ಕರೆ ಮತ್ತು ಮೈದಾದ ರೂಪದಲ್ಲಿ ಒಳಗೆ ಹೋಗಿರುತ್ತದೆ. ಬಾಯಿರುಚಿಯ ತಿನಿಸೆಲ್ಲ ಸೇರಿ ದಿನದ ಶಕ್ತಿಯ ಹತ್ತನೆಯ ಒಂದು ಭಾಗ ದಾಟಬಾರದೆಂಬುದು ಪಶುವೈದ್ಯರ ಸಾಮಾನ್ಯ ಸೂತ್ರ. ಲ್ಯಾಬ್ರಡಾರ್ ನಾಯಿಗಳ ಮೇಲೆ ಹದಿನಾಲ್ಕು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 48 ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ ಹಾಕಲಾಗಿತ್ತು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಹೆಚ್ಚು ತಿಂದವು 11.2 ವರ್ಷ. ಕಡಿಮೆ ತಿಂದವಕ್ಕೆ ಕೀಲುನೋವೂ ತಡವಾಗಿ ಬಂತು. ಪಕ್ಕೆಯ ಮೇಲೆ ಕೈಯಾಡಿಸಿದಾಗ ಎಲುಬು ಒತ್ತದೆಯೇ ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಕಾಣಬೇಕು. ಅಯ್ಯೋ ಬಡಕಲಾಗಿದೆ ಎಂದು ಬಂದವರು ಮರುಗುವ ನಾಯಿ ಹೆಚ್ಚಿನ ಸಲ ಆರೋಗ್ಯದ ತೂಕದಲ್ಲೇ ಇರುತ್ತದೆ.

ಅಡುಗೆಮನೆಯ ಅಪಾಯಗಳು ಹಬ್ಬದ ದಿನ ಹೆಚ್ಚು. ಪಾಯಸದಲ್ಲಿ, ಕೇಸರಿಬಾತಿನಲ್ಲಿ, ಲಾಡುವಿನಲ್ಲಿ ಒಣದ್ರಾಕ್ಷಿ ಇರುತ್ತದೆ. ವಿಜಯಪುರದ ಬಯಲಿನಲ್ಲಿ ಒಣಗಿದ ಆ ಹಣ್ಣು ಮನುಷ್ಯನಿಗೆ ಪೌಷ್ಟಿಕ, ನಾಯಿಗೆ ಮೂತ್ರಪಿಂಡದ ವಿಷ. ಒಂದು ನಾಯಿ ಹಿಡಿ ತಿಂದು ಸುಮ್ಮನಿದ್ದರೆ ಇನ್ನೊಂದು ನಾಲ್ಕು ತಿಂದು ಮೂತ್ರ ನಿಂತು ಸಾಯುತ್ತದೆ. ಇಷ್ಟು ತಿಂದರೆ ಭಯವಿಲ್ಲ ಎಂಬ ಗೆರೆ ಎಳೆಯಲಾಗದು. ಹೀಗೇಕೆಂದು ಬಹುಕಾಲ ತಿಳಿದಿರಲಿಲ್ಲ. ಈಚಿನ ವರ್ಷಗಳಲ್ಲಿ ಪಶುವೈದ್ಯರ ಅನುಮಾನ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಮೇಲೆ ಬಿದ್ದಿದೆ. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡದ ಹಾನಿ ಕಂಡುಬಂದದ್ದು 2022ರಲ್ಲಿ ವರದಿಯಾಯಿತು. ಕರ್ನಾಟಕದ ಮನೆಗಳಿಗೆ ಇದು ದೊಡ್ಡ ಸುದ್ದಿ. ಹುಳಿಯಲ್ಲಿ, ಸಾರಿನಲ್ಲಿ, ಗೊಜ್ಜಿನಲ್ಲಿ ಹುಣಸೆಯಿಲ್ಲದ ದಿನವಿಲ್ಲ. ನಾಯಿಯ ಅನ್ನಕ್ಕೆ ಹುಳಿ ಬೆರೆಸುವ ಹಳೆಯ ಅಭ್ಯಾಸವನ್ನು ಬಿಡಲು ಇಷ್ಟೇ ಸಾಕು. ಇನ್ನೊಂದು ಕಾರಣ ಈರುಳ್ಳಿ ಮತ್ತು ಬೆಳ್ಳುಳ್ಳಿ. ಅವುಗಳ ಗಂಧಕದ ಅಂಶಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ಬೆಕ್ಕಿಗೆ ದೇಹತೂಕದ ಕಿಲೊಗೆ ಐದು ಗ್ರಾಂ ಈರುಳ್ಳಿಯೇ ತೊಂದರೆ ತರಬಲ್ಲದು, ಅಂದರೆ ನಾಲ್ಕು ಕಿಲೊ ಬೆಕ್ಕಿಗೆ ಒಂದು ಸಣ್ಣ ಹೋಳು. ಕೋಳಿಸಾರಿನ ಗಸಿಯಲ್ಲಿ ಅಷ್ಟು ಅಡಗಿರುವುದು ಕಷ್ಟವೇನಲ್ಲ. ಸಾಕುಪ್ರಾಣಿಯ ಕೋಳಿಯನ್ನು ಒಗ್ಗರಣೆಗೆ ಮೊದಲೇ ತೆಗೆದಿಡುವುದೇ ಸುಲಭದ ದಾರಿ.

ಮಕ್ಕಳಿರುವ ಮನೆಯಲ್ಲಿ ಚಾಕೊಲೇಟಿನ ಚಿಂತೆಯೂ ಇದೆ. ಅದರ ಥಿಯೊಬ್ರೊಮಿನ್ ನಾಯಿಯ ದೇಹದಿಂದ ಬೇಗ ಹೊರಹೋಗುವುದಿಲ್ಲ. ಹತ್ತು ಕಿಲೊ ತೂಕದ ನಾಯಿ ನೂರು ಗ್ರಾಂ ಕಪ್ಪು ಚಾಕೊಲೇಟ್ ತಿಂದರೆ ಹೃದಯದ ಬಡಿತ ತಪ್ಪಿ ಸೆಳೆತದವರೆಗೂ ಹೋಗಬಹುದು. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಕ್ಸೈಲಿಟಾಲ್ ಇನ್ನೂ ಚುರುಕು: ನಾಯಿಯ ದೇಹ ಅದನ್ನು ಸಕ್ಕರೆಯೆಂದು ನಂಬಿ ಇನ್ಸುಲಿನ್ ಸುರಿಸುತ್ತದೆ, ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿಯುತ್ತದೆ. ಜ್ವರ ಬಂದಂತಿದೆ ಎಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟವರು ಅದನ್ನು ಕಳೆದುಕೊಂಡಿದ್ದಾರೆ. ಒಂದು ಮಾತ್ರೆ ಸಾಕು. ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ನಾಯಿಗೆ ಬೀಳುವ ಮಟನ್ ಎಲುಬುಗಳನ್ನೂ ಇಲ್ಲಿ ಸೇರಿಸಬೇಕು. ಬೆಂದ ಎಲುಬು ಸೀಳಿ ಸೀಳಿ ಮುರಿದು ಅನ್ನನಾಳವನ್ನೂ ಕರುಳನ್ನೂ ಚುಚ್ಚುತ್ತದೆ, ಜೊತೆಗೆ ಹೋಗುವ ಕೊಬ್ಬು ಮೇದೋಜೀರಕವನ್ನು ಕೆರಳಿಸುತ್ತದೆ. ಹಾಗೆಂದು ಹಸಿಯದಕ್ಕೆ ತಿರುಗುವುದೂ ಕ್ಷೇಮವಲ್ಲ. ಕಸಾಯಿಖಾನೆಯ ಹಸಿ ಯಕೃತ್ತು, ಶ್ವಾಸಕೋಶ ತಿಂದ ನಾಯಿಯ ಹೊಟ್ಟೆಯಲ್ಲಿ ಬೆಳೆಯುವ ಸಣ್ಣ ಲಾಡಿಹುಳದ ಮೊಟ್ಟೆಗಳು ಮನೆಯವರ ಕೈಗೆ ಬಂದು, ಮನುಷ್ಯನ ಯಕೃತ್ತಿನಲ್ಲಿ ವರ್ಷಗಟ್ಟಲೆ ಬೆಳೆಯುವ ನೀರಗುಳ್ಳೆಗಳಾಗುತ್ತವೆ. ಪ್ರಾಣಿ ಏನಾದರೂ ವಿಷ ತಿಂದದ್ದು ತಿಳಿದ ಕ್ಷಣ ಉಪ್ಪುನೀರು ಕುಡಿಸುತ್ತ ಕೂರದೆ, ಅದು ತಿಂದದ್ದರ ಪೊಟ್ಟಣದ ಸಮೇತ ಪಶುವೈದ್ಯರ ಬಳಿಗೆ ಓಡಬೇಕು. ವಾಂತಿ ಮಾಡಿಸಿ ಉಳಿಸಬಹುದಾದ ಸಮಯ ಒಂದೆರಡು ಗಂಟೆಯದು.

ಚೀಲದಲ್ಲಿ ಬರುವ ಸಿದ್ಧ ಆಹಾರದ ಹಿಂದೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. 1860ರ ಸುಮಾರಿಗೆ ಲಂಡನ್ನಿನಲ್ಲಿ ಅಮೆರಿಕದ ಜೇಮ್ಸ್ ಸ್ಪ್ರಾಟ್ ಮಾರಿದ ನಾಯಿ ಬಿಸ್ಕತ್ತಿನಿಂದ ಅದು ಆರಂಭ. ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ನಾಯಿಗಳು ತಿನ್ನುವುದನ್ನು ನೋಡಿ ಅವನಿಗೆ ಆ ಯೋಚನೆ ಹೊಳೆಯಿತೆಂಬ ಕಥೆಯಿದೆ. ಇಂದಿನ ಚೀಲದ ಮೇಲೆ ಮುಖ್ಯವಾಗಿ ಹುಡುಕಬೇಕಾದದ್ದು ಅದು ಸಂಪೂರ್ಣ ಮತ್ತು ಸಮತೋಲಿತ ಆಹಾರವೋ, ಬರೀ ಪೂರಕ ತಿನಿಸೋ ಎಂಬ ಮಾತು, ಹಾಗೂ ಯಾವ ವಯಸ್ಸಿಗೆ ಎಂಬ ಸೂಚನೆ. ಡಬ್ಬಿಯ ಮೇಲೆ ಶೇ. 10 ಪ್ರೋಟೀನ್, ಒಣಕಾಳಿನ ಚೀಲದ ಮೇಲೆ ಶೇ. 26 ಎಂದಿದ್ದರೆ ಎರಡನೆಯದೇ ಮೇಲು ಎನಿಸುತ್ತದೆ. ಡಬ್ಬಿಯಲ್ಲಿ ಶೇ. 78 ನೀರಿದ್ದರೆ ಉಳಿದ 22 ಭಾಗದಲ್ಲಿ 10 ಪ್ರೋಟೀನ್, ಅಂದರೆ ಶೇ. 45, ನೀರು ಕಡಿಮೆಯಿರುವ ಒಣಕಾಳಿನದು ಅದೇ ಲೆಕ್ಕದಲ್ಲಿ ಶೇ. 29ರ ಆಸುಪಾಸು ಮಾತ್ರ. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಿ ಕಾಲ ತಳ್ಳುವಂತಿಲ್ಲ, ಅದರಲ್ಲಿ ಟಾರಿನ್ ಸಾಲದು. ಸಿದ್ಧ ಆಹಾರದ ಮೇಲೆ ಕುರುಡು ನಂಬಿಕೆಯೂ ಬೇಡ. 2007ರಲ್ಲಿ ಚೀನಾದಿಂದ ಬಂದ ಗೋಧಿಯ ಅಂಟಿನಲ್ಲಿ ಮೆಲಮಿನ್ ಬೆರೆತು ಅಮೆರಿಕದಲ್ಲಿ ನಾಯಿಬೆಕ್ಕುಗಳ ಮೂತ್ರಪಿಂಡ ಕೆಟ್ಟು, ನೂರಾರು ಬಗೆಯ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಬೇಕಾಯಿತು. ಮಳೆಗಾಲದಲ್ಲಿ ತೆರೆದಿಟ್ಟ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಕೊಬ್ಬು ಕಮಟುತ್ತದೆ. ತಿಂಗಳಲ್ಲಿ ಮುಗಿಯುವಷ್ಟನ್ನೇ ಕೊಳ್ಳುವುದು ಒಳ್ಳೆಯದು. ಹೊಸ ಆಹಾರಕ್ಕೆ ಬದಲಾಯಿಸುವಾಗ ಹಳೆಯದರೊಡನೆ ಬೆರೆಸುತ್ತ ವಾರ ಹತ್ತು ದಿನ ಹಿಡಿಯಬೇಕು.

ನೀರಿನ ವಿಷಯದಲ್ಲಿ ಬೆಕ್ಕಿಗೆ ಹೆಚ್ಚಿನ ಗಮನ ಬೇಕು. ಅದರ ಪೂರ್ವಜ ಒಣನಾಡಿನ ಕಾಡುಬೆಕ್ಕು, ನೀರಿನ ಹೆಚ್ಚಿನ ಪಾಲನ್ನು ಬೇಟೆಯ ಮೈಯಿಂದಲೇ ಪಡೆಯುತ್ತಿತ್ತು. ಬಾಯಾರಿಕೆಯ ಅರಿವು ಅದಕ್ಕೆ ಮಂದ. ಒಣಕಾಳನ್ನೇ ತಿನ್ನುವ ಗಂಡುಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ಅದು ದಿನವೊಂದೆರಡರಲ್ಲೇ ಪ್ರಾಣಾಂತಿಕ. ಒದ್ದೆ ಆಹಾರವನ್ನು ಬೆರೆಸುವುದು, ಊಟದ ಬಟ್ಟಲಿನಿಂದ ದೂರ ಎರಡು ಮೂರು ಕಡೆ ಅಗಲ ಬಾಯಿಯ ಪಾತ್ರೆಗಳಲ್ಲಿ ನೀರಿಡುವುದು ಫಲ ಕೊಡುತ್ತವೆ. ಏಕಾದಶಿಯ ಉಪವಾಸ ಮನೆಯವರದು, ಬೆಕ್ಕಿನದಲ್ಲ. ಅದರಲ್ಲೂ ದಪ್ಪಗಿನ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಕೊಬ್ಬೆಲ್ಲ ಯಕೃತ್ತಿಗೆ ಸೇರಿ ಅದನ್ನು ಕೆಡಿಸುತ್ತದೆ. ಹಟ ಹಿಡಿದಿದೆ, ಹಸಿವಾದರೆ ತಿನ್ನುತ್ತದೆ ಎಂಬ ಮಾತು ಬೆಕ್ಕಿಗೆ ಹೊಂದುವುದಿಲ್ಲ.

ಬೀದಿಯ ನಾಯಿಗೂ ಈ ಲೆಕ್ಕವೆಲ್ಲ ಅನ್ವಯಿಸುತ್ತದೆ. 2025ರ ಜುಲೈನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು ಐದು ಸಾವಿರ ಬೀದಿನಾಯಿಗಳಿಗೆ ಊಟ ಹಾಕಿಸುವ ಯೋಜನೆ ಪ್ರಕಟಿಸಿದಾಗ ಕೋಳಿ ಮಾಂಸದ ಮಾತಿಗೆ ಚರ್ಚೆಯೆದ್ದಿತು. ಒಂದು ನಾಯಿಗೆ 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ ಎಂದಿದ್ದ ಆ ಪಟ್ಟಿ, ಬೀದಿ ಬದಿಯಲ್ಲಿ ದಿನವೂ ಬೀಳುವ ಬಿಸ್ಕತ್ತು ಮತ್ತು ಬ್ರೆಡ್ಡಿಗಿಂತ ಎಷ್ಟೋ ಸರಿಯಾದ ಊಟ. ಹಾಕುವ ಜಾಗವೂ ಹೊತ್ತೂ ಗೊತ್ತಾಗಿರಬೇಕು. ಮಕ್ಕಳು ಆಡುವಲ್ಲಿ, ಮೆಟ್ಟಿಲು ಮತ್ತು ಬಾಗಿಲುಗಳ ಬಳಿ ಊಟ ಹಾಕಬಾರದೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ತಿಂದು ಉಳಿದದ್ದನ್ನು ಹಾಕಿದವರೇ ಬಳಿದು ತೆಗೆಯಬೇಕು. ಬಿಟ್ಟರೆ ಇಲಿ ಬರುತ್ತದೆ, ನೆರೆಯವರ ಸಿಟ್ಟು ನಾಯಿಯ ಮೇಲೆ ತಿರುಗುತ್ತದೆ. ಬೇಸಿಗೆಯಲ್ಲಿ ಗೇಟಿನ ಹೊರಗೆ ಇಡುವ ಸಿಮೆಂಟಿನ ತೊಟ್ಟಿಯ ನೀರನ್ನು ದಿನವೂ ಚೆಲ್ಲಿ, ತಳ ತಿಕ್ಕಿ, ಹೊಸದಾಗಿ ತುಂಬಿಸಬೇಕು.